ಹೊಲದ ಮಾನ

ಕುಂದುರ್ಪಿಯಲ್ಲಿ ಬಸ್ಸಿಳಿದ ಮಣ್ಣು ಪರೀಕ್ಷೆಯ ಪೋತಪ್ಪನವರು ತನ್ನ ಹೊಲದ್ದೆಂದು ಸಣ್ಣಕ್ಕ ಕೊಟ್ಟ ಮಣ್ಣಿನ ಚೀಲವನ್ನು ಮೂಸಿ ನೋಡಿ, ಇಡೀ ಬೀದಿಗೆ ಕೇಳುವಂತೆ ಹೇಳಿದರು: “ಏಮಕ್ಕಾ, ಇದು ತಿಪ್ಪೆ ಮಣ್ಣು. ಹೆಣ್ಣು ನೋಡೋಕೆ ಬಂದ್ರೆ ಪಕ್ಕದ ಮನೆ ಹುಡುಗೀನ ಕೂರಿಸ್ತಾರಾ?” “ಪರೀಕ್ಷೆ ಅಂದ್ಮೇಲೆ ಒಳ್ಳೇದೇ ಕೊಡ್ಬೇಕು ಕಣಪ್ಪ. ಹೊಲ ಫೇಲಾದ್ರೆ ನಮ್ಮ ಮಾನ ಹೋಯ್ತದೆ,” ಎಂದಳು ಸಣ್ಣಕ್ಕ. ಊರೂರಲ್ಲೂ ಇದೇ ಕಥೆ. ತಿಪ್ಪೆಯನ್ನು ನಂಬಿದರೆ ವರದಿ ಗೊಬ್ಬರವೇ ಬೇಡ ಅನ್ನುತ್ತದೆ, ಆಮೇಲೆ ಕಡಲೆಕಾಯಿ ಕೈಗೆ ಹತ್ತುವುದಿಲ್ಲ. ಹಾಗಾಗಿ ಪೋತಪ್ಪ ಬೈಯುತ್ತಲೇ ಹೊಲಕ್ಕಿಳಿದು ನಾಲ್ಕಾರು ಕಡೆ ತಾವೇ ಅಗೆಯುತ್ತಾರೆ. ಪಾಸಾದ ಹೊಲದ ವರದಿಯನ್ನು ಅಂಚೆಗೆ ಹಾಕುತ್ತಾರೆ. ಸೋತ ಹೊಲದ್ದನ್ನು ಮಾತ್ರ ತಾವೇ ತಂದು, ಅಕ್ಕಪಕ್ಕ ಯಾರೂ ಇಲ್ಲವೆಂದು ನೋಡಿಕೊಂಡು, ಪಿಸುದನಿಯಲ್ಲಿ ಓದಿ ಹೇಳುತ್ತಾರೆ. ಬಿತ್ತನೆಗೆ ಮುಂಚೆ ಸಣ್ಣಕ್ಕನ ಮನೆಗೆ ಅಂಚೆ ಬರಲಿಲ್ಲ, ಪೋತಪ್ಪನವರೇ ಬಂದರು.