ಅಂಬಾಸಿಡರಿಗೆ ಗುಳೇದಗುಡ್ಡದ ಖಣ

ಗೆಳೆಯರೇ, ಇವತ್ತು ಮಟಮಟ ಮಧ್ಯಾಹ್ನ ಕೆರೂರಿನಲ್ಲಿ ಪೆಟ್ರೋಲ್ ಹಾಕಿಸಿದ ಮೇಲೆ ನಮ್ಮ ಕಾಕಾನ ಅಂಬಾಸಿಡರ್ ಚಾಲೂ ಆಗಲೇ ಇಲ್ಲ.

"ಪೆಟ್ರೋಲಿನ್ಯಾಗ ಏನ್ ಕಲಸೀಯೋ?" ಎಂದು ಕಾಕಾ ಪಂಪಿನವನನ್ನು ದಬಾಯಿಸಿದರು.

ಆತ ಬಾನೆಟ್ ಎತ್ತಿ ಮುಟ್ಟಿ ನೋಡಿದ. "ಬಿಸಲಿಗೆ ಪೈಪ್ ಕಾದೈತ್ರಿ, ಪೆಟ್ರೋಲ್ ಹರಿವಲ್ದು. ಹಸಿ ಅರಬಿ ಸುತ್ರಿ."

ಒದ್ದೆ ಬಟ್ಟೆ ಎಂದೊಡನೆ ಕಾಕಾ ತಲೆಯ ರುಮಾಲನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಕಡೆಗೆ ಹಿಂದಿನ ಸೀಟಿನಲ್ಲಿದ್ದ ಅವರ ಹೆಂಡತಿ, ನಮ್ಮ ಕಾಕುನೇ, ನಾದಿನಿಯ ಉಡಿ ತುಂಬಲೆಂದು ಗುಳೇದಗುಡ್ಡದಲ್ಲಿ ಕೊಂಡಿದ್ದ ಹೊಸ ರವಿಕೆ ಖಣವನ್ನು ತೋಯಿಸಿ ಕೊಟ್ಟರು. ಹತ್ತು ನಿಮಿಷಕ್ಕೆ ಗಾಡಿ ಚಾಲೂ ಆಯಿತು.

ಕಾಕು ಗಾಡಿಯನ್ನೇ ನೋಡುತ್ತ ಹೇಳಿದರು: "ಇಷ್ಟ ವರ್ಷ ದುಡಿಸಿಕೊಂಡ್ರಿ, ಒಂದರ ಖಣ ಕೊಟ್ಟಿದ್ರೇನು? ಅದಕ್ಕ ಮುನಿಸ್ಕೊಂಡಿತ್ತು."

ಕಾಕಾ ಗಾಡಿಯನ್ನು ಮತ್ತೆ ಗುಳೇದಗುಡ್ಡಕ್ಕೆ ತಿರುಗಿಸಿದರು. ಎರಡು ಖಣ ಕೊಂಡೆವು, ನಾದಿನಿಗೊಂದು, ಕಾಕುಗೊಂದು.

ರುಮಾಲು ತೋಯಿಸಿದ್ದರೆ ಅಗ್ಗದಲ್ಲಿ ಮುಗಿಯುತ್ತಿತ್ತು.