ವಸುಮತಿಯನ್ನು ಯಾವ ಬೀರುವಿನಲ್ಲಿ ಇಡುವುದು

ಕಳೆದ ಭಾನುವಾರ ಅಣ್ಣನ ಮೊಮ್ಮಗಳು ಚೈತ್ರ ಮೊಬೈಲನ್ನು ನನ್ನ ಮೂಗಿನವರೆಗೆ ತಂದು, "ಚಿಕ್ಕ ತಾತ, ಇದರಲ್ಲಿ ಯಾವುದನ್ನ ಒತ್ತಲಿ?" ಎಂದು ಕೇಳಿದಳು. ಬೇರೆ ಯಾರೋ ಬರೆದ ಕಥೆಯ ಪಾತ್ರಗಳನ್ನು ಎತ್ತಿಕೊಂಡು ತಾನೊಂದು ಕಥೆ ಬರೆದಿದ್ದಾಳೆ. ಅಂಥವನ್ನು ಹಾಕುವ ವೆಬ್‌ಸೈಟುಗಳು ಮೂರಿವೆಯಂತೆ. ಒಂದರಲ್ಲಿ ಓದುಗರಿದ್ದಾರೆ, ಮರ್ಯಾದೆಯಿಲ್ಲ. ಇನ್ನೊಂದರಲ್ಲಿ ಮರ್ಯಾದೆಯಿದೆ, ಓದುಗರಿಲ್ಲ. ಮೂರನೆಯದು ಒಳಗೆ ಬಿಟ್ಟುಕೊಳ್ಳುವುದಕ್ಕೇ ಹತ್ತು ದಿನ ಕಾಯಿಸುತ್ತದೆ. ಕಥೆಯಲ್ಲಿ ಸಾವಿದೆಯೇ, ಹೊಡೆದಾಟವಿದೆಯೇ, ಯಾರಿಗೆ ಯಾರ ಮೇಲೆ ಪ್ರೀತಿ, ಎಲ್ಲವನ್ನೂ ಮೊದಲೇ ಗುರುತು ಹಾಕಿ ತಿಳಿಸಬೇಕು.

"ತಲೆ ಕೆಟ್ಟೋಗಿದೆ ತಾತ," ಅಂದಳು.

ನನಗೆ ಇದ್ದಕ್ಕಿದ್ದಂತೆ ಮೈದಾ ಅಂಟಿನ ವಾಸನೆ ಬಂದಂತಾಯಿತು. ಯಾಕೆಂದು ನಿಮಗೆ ಹೇಳಬೇಕು. ಕಂಡದ್ದನ್ನು ಕಂಡ ಕ್ರಮದಲ್ಲಿಯೇ ಹೇಳುತ್ತೇನೆ.

ತೊಂಬತ್ತರ ದಶಕ ಆಗತಾನೆ ಶುರುವಾಗಿತ್ತು. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಪವರ್‌ಲೂಮ್. ಮಗ್ಗಗಳು ಓಡುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳದು. ಹಾಗಾಗಿ ನಮ್ಮ ಬೀದಿ ಬಾಯಿ ಬಿಡುತ್ತಿದ್ದದ್ದು ಕರೆಂಟು ಹೋದಾಗ ಮಾತ್ರ. ಆ ಹೊತ್ತಿಗೆ ಸರಿಯಾಗಿ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ವಾರಪತ್ರಿಕೆ ಹಿಡಿದು ಹೊಸಿಲ ಮೇಲೆ ಕೂರುತ್ತಿದ್ದರು. ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವ ಆರೇಳು ಹೆಂಗಸರು ಸುತ್ತ ಸೇರುತ್ತಿದ್ದರು. ಧಾರಾವಾಹಿಯ ನಾಯಕಿ ವಸುಮತಿ, ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳ ಕಷ್ಟಗಳನ್ನು ಅತ್ತಿಗೆ ಓದುತ್ತಿದ್ದರೆ, ನಾನು ಒಳಗೆ ಸೀರೆಯಂಚಿನ ಡಿಸೈನನ್ನು ಗ್ರಾಫ್ ಕಾಗದದ ಮೇಲೆ ಚೌಕ ಚೌಕವಾಗಿ ತುಂಬುತ್ತ, ಕೇಳಿಸಿಕೊಳ್ಳದವನಂತೆ ಕೇಳಿಸಿಕೊಳ್ಳುತ್ತಿದ್ದೆ.

ಒಂದು ವಾರ ವಸುಮತಿ ಹಿಮಾಲಯದ ಯಾವುದೋ ಕಣಿವೆಗೆ ಬಿದ್ದು ಸತ್ತಳು.

ಹನ್ನೊಂದನೆಯ ದಿನ ನಮ್ಮ ಬೀದಿಯ ಹೆಂಗಸರು ಅವಳ ತಿಥಿ ಮಾಡಿದರು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ವಡೆ ಇತ್ತು, ಪಾಯಸ ಇತ್ತು, ಕಾಗೆಗೆ ಎಡೆಯೂ ಇತ್ತು. ನಾನು ಮೂರು ವಡೆ ತಿಂದೆ. ಅಣ್ಣ ಯಾರು ಸತ್ತದ್ದೆಂದು ಕೇಳದೆ ಐದು ತಿಂದ. ಆಮೇಲೆ ಅತ್ತಿಗೆ ಪತ್ರಿಕೆಯನ್ನು ಮಡಿಸಿಟ್ಟು, "ಇನ್ ನಾನ್ ಓದಲ್ಲ ಕಣ್ರಮ್ಮ," ಅಂದರು.

ಅವರು ಮಾತಿಗೆ ತಪ್ಪುವವರಲ್ಲ. ಮುಂದಿನ ವಾರಗಳಲ್ಲಿ ಕರೆಂಟು ಹೋದರೆ ಬೀದಿಯೇ ಮೂಕವಾಗುತ್ತಿತ್ತು. ಅತ್ತಿಗೆ ಗೋಡೆ ನೋಡುತ್ತ ಕೂರುತ್ತಿದ್ದರು. ಊಟವೂ ಕಡಿಮೆಯಾಯಿತು. ಇದನ್ನು ನೋಡಲಾರದೆ ನಾನು ಹತ್ತು ದಿನ ಕೂತು ವಸುಮತಿಯನ್ನು ಬದುಕಿಸಿದೆ. ಹಿಮಾಲಯದಲ್ಲಿ ಬಿದ್ದವಳು ಮಾಕಳಿದುರ್ಗದ ತಪ್ಪಲಲ್ಲಿ ಕುರಿ ಕಾಯುವವರ ಕೈಗೆ ಸಿಕ್ಕಿದಳು. ನಾನು ಹತ್ತಿದ್ದ ಬೆಟ್ಟ ಅದೊಂದೇ.

ಆದರೆ ಮೈದುನ ಬರೆದದ್ದೆಂದು ಗೊತ್ತಾದರೆ ಅತ್ತಿಗೆ ಅದನ್ನು ಕಥೆಯೆಂದೇ ಒಪ್ಪುತ್ತಿರಲಿಲ್ಲ. ಅದು ಹೊರಗಿನಿಂದ, ರಟ್ಟು ಹಾಕಿಸಿಕೊಂಡು, ಸೀಲು ಹೊಡೆಸಿಕೊಂಡು ಮನೆಗೆ ಬರಬೇಕಿತ್ತು. ಎಲ್ಲಿಂದ ಬರಬೇಕು ಎನ್ನುವುದೇ ಪ್ರಶ್ನೆ.

ಮೊದಲು ಯುವಕರ ಸಂಘವೊಂದರ ವಾಚನಾಲಯಕ್ಕೆ ಹೋದೆ. ಮರ್ಯಾದೆಯ ಜಾಗ. ಕಾರ್ಯದರ್ಶಿ ರಿಜಿಸ್ಟರು ತೆಗೆದು, "ಪ್ರಕಾಶಕರು?" ಅಂದರು. ಇಲ್ಲ ಅಂದೆ. "ಮುದ್ರಣ?" ಅದೂ ಇಲ್ಲ. "ಹಂಗಾದ್ರೆ ಇದು ಪುಸ್ತಕ ಅಲ್ಲಪ್ಪ, ಅರ್ಜಿ," ಅಂದು ಅದನ್ನು ಅರ್ಜಿಗಳ ಫೈಲಿಗೆ ಸೇರಿಸಿದರು. ಅದನ್ನು ಹಿಂದಕ್ಕೆ ಪಡೆಯಲು ಇನ್ನೊಂದು ಅರ್ಜಿ ಬರೆಯಬೇಕಾಯಿತು.

ಆಮೇಲೆ ಕ್ಷೌರದಂಗಡಿ. ಅಲ್ಲಿ ನಿಯಮವೇ ಇಲ್ಲ, ಓದುಗರು ಬೇಕಾದಷ್ಟು. ಎರಡು ದಿನ ಬಿಟ್ಟು ನೋಡಿದರೆ ಅಂಚಿನ ತುಂಬ ಅವರ ಅಭಿಪ್ರಾಯಗಳು. "ಕುರಿ ಎಷ್ಟು ಅಂತ ಹೇಳಿಲ್ಲ." "ಲೇ, ಫೈಟ್ ಎಲ್ಲಿ?" ಮೂರನೆಯ ಪುಟಕ್ಕೆ ಸೋಪಿನ ನೊರೆ ಒರೆಸಿದ್ದರು. ಮನೆಗೆ ತಂದು ಮೊದಲಿನಿಂದ ಪ್ರತಿ ಮಾಡಿದೆ.

ಉಳಿದದ್ದು ಬಸ್ ಸ್ಟ್ಯಾಂಡಿನ ಹತ್ತಿರ ಪುಸ್ತಕ ಬಾಡಿಗೆಗೆ ಕೊಡುತ್ತಿದ್ದ ನಂಜಪ್ಪನವರ ಅಂಗಡಿ. ಅಲ್ಲಿ ಮೂರು ಬೀರು: ಸಾಮಾಜಿಕ, ಪತ್ತೇದಾರಿ, ಭಯಾನಕ. ಅವರು ಕೈತುಂಬ ಮೈದಾ ಅಂಟು ಮೆತ್ತಿಕೊಂಡು ರಟ್ಟು ಕಟ್ಟುತ್ತ ನನ್ನ ಕಥೆ ಕೇಳಿದರು.

"ಸತ್ತೋಳು ಎದ್ದು ಬರ್ತಾಳೆ ಅಂದ್ರೆ ಭಯಾನಕ," ಅಂದರು.

"ಅವಳು ಸತ್ತೇ ಇರಲಿಲ್ಲ ಸ್ವಾಮಿ."

"ಏನಪ್ಪಾ, ತಿಥಿ ವಡೆ ನಮ್ಮನೆಗೂ ಬಂದಿತ್ತಲ್ಲ. ನಾನೇ ತಿಂದಿದೀನಿ."

ಭಯಾನಕದ ಬೀರುವನ್ನು ಅತ್ತಿಗೆ ಮುಟ್ಟುತ್ತಿರಲಿಲ್ಲ. ನಾನು ಬಹಳ ಬೇಡಿಕೊಂಡೆ. ಕೊನೆಗೆ ನಂಜಪ್ಪನವರು ಒಂದು ದಾರಿ ಹೇಳಿದರು. ತಿಥಿಕರ್ಮ ಮುಗಿದ ಮೇಲೆ ತಿರುಗಿ ಬಂದವರನ್ನು ಹಾಗೇ ಒಳಗೆ ಸೇರಿಸುವಂತಿಲ್ಲ. ತೊಟ್ಟಿಲಿಗೆ ಹಾಕಿ ಮತ್ತೆ ನಾಮಕರಣ ಮಾಡಬೇಕು. ಅಷ್ಟು ಬರೆದರೆ ಸಾಮಾಜಿಕದಲ್ಲಿ ಇಡುತ್ತೇನೆ ಎಂದರು. ನಾನು ಬರೆದೆ. ಇಪ್ಪತ್ತೆಂಟು ವರ್ಷದ ಅಧ್ಯಾಪಕಿಯನ್ನು ತೊಟ್ಟಿಲಲ್ಲಿ ಮಲಗಿಸಿದೆ. ಕಾಲು ಮಂಡಿಯಿಂದ ಕೆಳಗೆ ಹೊರಗಿದ್ದವು ಎಂದೂ ಬರೆದೆ, ಸುಳ್ಳು ಬರೆಯಬಾರದಲ್ಲ. ಅವರು ಮೊದಲ ಪುಟದಲ್ಲಿ ತಮ್ಮ ಕೈಯಾರೆ, "ಇದರಲ್ಲಿ ಸಾವು ಇಲ್ಲ. ಅತ್ತೆಯರು ಇಬ್ಬರು. ಅಳು ಅಲ್ಲಲ್ಲಿ," ಎಂದು ಬರೆದು ಸೀಲು ಹೊಡೆದರು. ಹೆಂಗಸರು ಅದನ್ನು ವಿಚಾರಿಸದೆ ಪುಸ್ತಕ ಒಯ್ಯುತ್ತಿರಲಿಲ್ಲವಂತೆ.

ಪಕ್ಕದ ಮನೆಯವರು ಅದನ್ನು ತಂದು ಅತ್ತಿಗೆಯ ಮಡಿಲಿಗೆ ಹಾಕಿದರು. ಅತ್ತಿಗೆ ಎರಡು ದಿನ ಅದನ್ನು ಮುಟ್ಟಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಅತ್ತಿಗೆ ಕನ್ನಡಕ ಹಾಕಿಕೊಂಡು ಪುಸ್ತಕ ಬಿಡಿಸಿದರು.

ನಾನು ಗ್ರಾಫಿನ ಮೇಲೆ ಬಗ್ಗಿ ಕಿವಿಗೊಟ್ಟಿದ್ದೆ. ಮೊದಲ ಎರಡು ಸಾಲು ನನ್ನವು. ಮೂರನೆಯದು ನನ್ನದಲ್ಲ. ತೊಟ್ಟಿಲೂ ಬರಲಿಲ್ಲ, ಕುರಿಯೂ ಬರಲಿಲ್ಲ. ಹಿಂದೆ ನಿಂತು ಇಣುಕಿದೆ. ಅತ್ತಿಗೆಯ ಕಣ್ಣು ನನ್ನ ಅಕ್ಷರಗಳ ಮೇಲೆಯೇ ಇತ್ತು, ಪುಟವನ್ನೂ ಸರಿಯಾದ ಹೊತ್ತಿಗೆ ಮಗುಚುತ್ತಿದ್ದರು. ಬಾಯಲ್ಲಿ ಬರುತ್ತಿದ್ದದ್ದು ಮಾತ್ರ ಬೇರೆಯೇ ಕಥೆ. ಅದು ನನ್ನದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಕರೆಂಟು ಬಂತು. ಬಲ್ಬು ಹೊತ್ತಿತು. ಹಿಂದಿನ ಬೀದಿಯ ಮಗ್ಗಗಳು ಶುರುವಾದವು. ನಮ್ಮ ಮನೆಯಲ್ಲಿ ಯಾರೂ ಮಗ್ಗದ ಸ್ವಿಚ್ಚಿನ ಕಡೆ ಹೋಗಲಿಲ್ಲ. ಅಣ್ಣ ಬಂದು, "ಕರೆಂಟ್ ಬಂದದೆ, ಕಾಣ್ಸಲ್ವಾ?" ಅಂದ.

"ಇರಿ ಅಂದ್ರೆ," ಅಂದರು ಅತ್ತಿಗೆ, ತಲೆಯೆತ್ತದೆ. "ಅವಳು ಇನ್ನೂ ಬಸ್ ಇಳಿದಿಲ್ಲ."

ಅಣ್ಣ ಒಂದು ಗಳಿಗೆ ನಿಂತ. ಆಮೇಲೆ ಅಲ್ಲೇ ಕೂತ.

ಇಷ್ಟನ್ನು ಕೇಳಿ ಚೈತ್ರ ಮೊಬೈಲು ಕೆಳಗಿಟ್ಟಳು. "ಅಜ್ಜಿ ಹೇಳಿದ್ದು ಎಲ್ಲಿದೆ ತಾತ?"

ಎಲ್ಲೂ ಇಲ್ಲ. ನನ್ನ ಹಸ್ತಪ್ರತಿ ಇಂದಿಗೂ ಟ್ರಂಕಿನಲ್ಲಿದೆ. ಈ ಮೂವತ್ತು ವರ್ಷ ನಾನು ಇದನ್ನು ನನ್ನ ಕಥೆಯ ಕಥೆಯೆಂದೇ ಹೇಳಿಕೊಂಡು ಬಂದಿದ್ದೇನೆ. ಇದು ಅತ್ತಿಗೆಯ ಕಥೆಯೆಂದು ಚೈತ್ರ ಕೇಳುವವರೆಗೂ ನನಗೆ ಹೊಳೆದಿರಲಿಲ್ಲ. ಅತ್ತಿಗೆಗೆ ಫೋನು ಮಾಡಿದೆ. "ಏನೋ ಹೇಳಿರ್ತೀನಿ ಕಣಪ್ಪ, ನೆನಪಿಲ್ಲ. ಊಟ ಆಯ್ತಾ?" ಅಂದರು.

ಕೇಳಿದವರಲ್ಲಿ ಇನ್ನು ಯಾರಿಗೆ ನೆನಪಿದೆಯೋ. ಇವತ್ತು ಬೆಳಿಗ್ಗೆ ಒಂದು ಹಾಳೆ ತೆಗೆದುಕೊಂಡು, ಮೇಲೆ ಅತ್ತಿಗೆಯ ಹೆಸರು ಬರೆದು, ಅವರ ಬಾಯಿಂದ ಬಂದ ಆ ಮೂರನೆಯ ಸಾಲನ್ನು ಇಳಿಸಿದ್ದೇನೆ: "ವಸುಮತಿ ಕಣ್ಣು ಬಿಟ್ಟಳು, ಕೈಯಲ್ಲಿ ಟಿಕೇಟಿತ್ತು, ಊರಿನ ಹೆಸರು ಅಳಿಸಿತ್ತು, ಆದರೂ ಕಂಡಕ್ಟರು ಹತ್ತಿಸಿಕೊಂಡ."