ಹದವಾಗಿ ಹುರಿದದ್ದು, ಚಿಕೋರಿ ಇಲ್ಲದ್ದು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚಾಮರಾಜಪೇಟೆಯ ಒಂದು ಸಣ್ಣ ಪತ್ರಿಕೆಯಲ್ಲಿ ವರದಿಗಾರನಾಗಿದ್ದೆ. ಕಚೇರಿಯ ಹಿಂದಿನ ಕೋಣೆಯಲ್ಲಿ ಒಬ್ಬ ಹೆಂಗಸು ನಮಗೆಲ್ಲ ಕಾಫಿ ಮಾಡಿಕೊಡುತ್ತಿದ್ದರು. ಗಂಡ ಹಾಸಿಗೆ ಹಿಡಿದಿದ್ದ. ಮನೆ ನಡೆಯುತ್ತಿದ್ದದ್ದು ಇವರ ಸಂಬಳದಿಂದ. ನಾವು ಅವರನ್ನು ಅಮ್ಮ ಎನ್ನುತ್ತಿದ್ದೆವು. ಪುಡಿಯ ಬೀರುವಿನ ಬೀಗದ ಕೈ ಅವರ ಸೊಂಟದಲ್ಲಿರುತ್ತಿತ್ತು.

ಕಾಫಿ ಪುಡಿಯ ಕಲಬೆರಕೆಯ ಬಗ್ಗೆ ನಮ್ಮಲ್ಲೇ ಒಂದು ವರದಿ ಬಂತು. ಅದನ್ನು ತಿದ್ದಿದ ಸುದ್ದಿ ಸಂಪಾದಕರಿಗೆ, ಕಚೇರಿಗೆ ಬರುತ್ತಿದ್ದ ಪೊಟ್ಟಣದ ಪುಡಿಯ ಮೇಲೆ ಅನುಮಾನ ಹುಟ್ಟಿತು. ಅವರ ಮನೆ ಶಂಕರಪುರದಲ್ಲಿ. "ನಮ್ಮನೆ ಹೊಸ್ತಿಲು ಚಿಕೋರಿ ದಾಟಿಲ್ಲ ಕಣ್ರೀ" ಎಂದು ಆಗಾಗ ಹೇಳುತ್ತಿದ್ದರು.

ಒಂದು ಮಧ್ಯಾಹ್ನ ಅವರು ಹುರಿದ ಬೀಜದ ಮೂರು ಪೊಟ್ಟಣ ತಂದು ಮೇಜಿನ ಮೇಲೆ ಬಿಚ್ಚಿದರು. ಒಂದು ಎಳೆಯದಾಗಿ ಹುರಿದದ್ದು, ಒಂದು ಹದವಾಗಿ, ಇನ್ನೊಂದು ಕಪ್ಪಗೆ. ಎಲ್ಲರೂ ಮೂಸಿದೆವು. ಕ್ರೀಡಾ ಪುಟದವನು ಕಪ್ಪು ಬೀಜವೊಂದನ್ನು ಕಡಿದು, "ಇದು ಸೀದೋಗಿದೆ ಗುರು, ನಿನ್ನ ಹೆಡ್ಡಿಂಗ್ ಥರ" ಎಂದು ಪಕ್ಕದವನನ್ನು ಚುಚ್ಚಿದ. ಕಚೇರಿಗೆ ಇನ್ನು ಹದವಾಗಿ ಹುರಿದದ್ದು, ಚಿಕೋರಿ ಇಲ್ಲದ್ದು ಎಂದು ತೀರ್ಮಾನವಾಯಿತು. ಒಂದು ಲೋಟ ಮಾಡಿಸಿ ಕುಡಿದು ನೋಡೋಣ ಎಂದು ಯಾರೂ ಅನ್ನಲಿಲ್ಲ.

ಹೊಸ ಪುಡಿ ಬಂದ ಮೊದಲ ದಿನವೇ ಗೊಣಗಾಟ ಶುರುವಾಯಿತು. ಬಣ್ಣವಿಲ್ಲ, ಗಟ್ಟಿಯಿಲ್ಲ.

"ಏನಮ್ಮಾ, ನೆನ್ನೆ ಚರಟಕ್ಕೇ ನೀರು ಹುಯ್ದ್ರಾ?"

"ನೀವು ತಂದ ಪುಡಿ, ನೀವು ಹೇಳಿದ ಅಳತೆ. ನಾನೇನ್ ಮಾಡ್ಲಿ ಸಾರ್?"

ಉತ್ತರ ಯಾರಿಗೂ ಹಿಡಿಸಲಿಲ್ಲ. ಒಳ್ಳೆಯ ಪುಡಿ ಮನೆಗೆ ಹೋಗುತ್ತಿದೆ ಎಂದು ಒಬ್ಬ ಪಿಸುಗುಟ್ಟಿದ. ಸಂಜೆಯೊಳಗೆ ಎಲ್ಲರೂ ಅದನ್ನು ಕಂಡವರಂತೆ ಮಾತಾಡಿದರು. ಅಮ್ಮ ಮನೆಗೆ ಹೊರಟಾಗ ಎಲ್ಲರ ಕಣ್ಣು ಅವರ ಕೈಚೀಲದ ಮೇಲಿತ್ತು. ಮರುದಿನ ಸುದ್ದಿ ಸಂಪಾದಕರು ಬೀಗದ ಕೈ ಕೇಳಿ ಪಡೆದರು. "ಈ ವಾರ ನೋಡ್ತೀನಿ. ಸರಿಹೋಗದಿದ್ರೆ ಬೇರೆಯವರನ್ನ ಇಟ್ಕೋತೀವಿ." ನನ್ನನ್ನು ಕರೆದು, "ಅವರಿವರು ಹೇಳಿದ್ದು ಬೇಡ. ಬೀಜದಿಂದ ಲೋಟದವರೆಗೆ ಕಣ್ಣಾರೆ ನೋಡಿ ಬನ್ನಿ" ಎಂದರು.

ಸುದ್ದಿ ಸಂಪಾದಕರ ಮನೆಗೆ ಪುಡಿ ಹೋಗುತ್ತಿದ್ದ ಅಂಗಡಿಯಿಂದಲೇ ನಮಗೂ ಹೊಸ ಪುಡಿ ಬರುತ್ತಿತ್ತು. ಅಲ್ಲಿಗೆ ಹೋಗಿ ಮಷಿನ್ ಪಕ್ಕ ನಿಂತೆ. ಬರೀ ಕಾಫಿ ಕೊಳ್ಳುವವರು ಚಿಕೋರಿ ಬೆರೆಸಿ ಕೊಳ್ಳುವವರ ಹಿಂದೆಯೇ ಬೀಸಿಸುತ್ತಿರಲಿಲ್ಲ. ಹಿಂದಿನ ಪುಡಿ ಒಳಗೆ ಉಳಿದಿರುತ್ತದೆ ಎಂಬ ಗುಮಾನಿ. ನಾನೂ ಮೊದಲ ಹಿಡಿಯನ್ನು ಚೆಲ್ಲಿಸಿ, ಉಳಿದದ್ದನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದೆ. ಅಮ್ಮ ಫಿಲ್ಟರ್‌ಗೆ ಪುಡಿ ಹಾಕುವಾಗ ಎದುರಿಗೇ ನಿಂತೆ. "ಹತ್ರ ಬಂದು ನೋಡಿ ಸಾರ್, ಅಲ್ಲಿಂದ ಚಮಚ ಕಾಣ್ಸಲ್ಲ" ಎಂದರು, ತಲೆಯೆತ್ತದೆ. ಕಾಫಿ ಅಷ್ಟೇ ತೆಳ್ಳಗೆ ಬಂತು.

ಹಾಗಾದರೆ ಕೈವಾಡ ಅಂಗಡಿಯವನದ್ದು ಎಂದುಕೊಂಡೆ. ಮರುದಿನ ಏನೂ ಕೊಳ್ಳದೆ ಅಲ್ಲೇ ಬದಿಯಲ್ಲಿ ನಿಂತು ಕಾದೆ. ಸುದ್ದಿ ಸಂಪಾದಕರ ಹೆಂಡತಿ ಬಂದರು. ಪ್ರೂಫ್ ಕೊಡಲು ಅವರ ಮನೆಗೆ ಹೋಗುತ್ತಿದ್ದೆನಾದ್ದರಿಂದ ಪರಿಚಯವಿತ್ತು. ಅವರು ನನ್ನನ್ನು ಗಮನಿಸದೆ "ಮಾಮೂಲಿ" ಎಂದರು. ಅಂಗಡಿಯವನು ಬೀಜದ ಜೊತೆ ಇನ್ನೊಂದು ಡಬ್ಬದಿಂದ ಚಿಕೋರಿಯನ್ನೂ ಮಷಿನ್‌ಗೆ ಸುರಿದು ಬೀಸಿದ. ತಿರುಗಿದಾಗ ಅವರ ಕಣ್ಣಿಗೆ ನಾನು ಬಿದ್ದೆ.

"ಅಯ್ಯೋ, ನೋಡ್ಬಿಟ್ರಾ?" ಎಂದು ನಕ್ಕರು. "ಮದುವೆಯಾದ ಹೊಸದ್ರಲ್ಲಿ ಬರೀ ಕಾಫಿ ಮಾಡಿಕೊಟ್ಟೆ. ಇದೇನು ಬಿಸಿನೀರು ಕೊಟ್ಟಿದೀಯ ಅಂದ್ರು. ಅವತ್ತಿಂದ ಹೀಗೇ. ಅವರಿಗೆ ಹೇಳ್ಬೇಡಿ, ಈ ವಯಸ್ಸಲ್ಲಿ ಯಾಕೆ?"

ಕಚೇರಿಯಲ್ಲಿ ಒಬ್ಬರ ಕೆಲಸ ಹೋಗುವುದರಲ್ಲಿದೆ ಎಂದು ಹೇಳಿದೆ. ಅವರ ನಗು ನಿಂತಿತು. ಸ್ವಲ್ಪ ಯೋಚಿಸಿ, "ನಾಳೆ ನಮ್ಮನೆ ಪುಡೀನೇ ಅವರ ಕೈಲಿ ಕಳಿಸ್ತೀನಿ" ಎಂದರು.

ಬೆಳಿಗ್ಗೆ ಸುದ್ದಿ ಸಂಪಾದಕರು ಡಬ್ಬ ಹಿಡಿದು ಬಂದರು. "ಇದು ನಮ್ಮನೇದು. ಇದ್ರಲ್ಲೂ ನೀರಾದ್ರೆ ಇನ್ಯಾವ ಮಾತೂ ಕೇಳೋದಿಲ್ಲ." ಎಲ್ಲರೂ ಬಾಗಿಲಲ್ಲಿ ನಿಂತೆವು. ಅಮ್ಮ ಪುಡಿ ಹಾಕಿ ಕುದಿನೀರು ಹುಯ್ದರು. ಡಿಕಾಕ್ಷನ್ ಕಪ್ಪಗೆ ಇಳಿಯಿತು. ಹಾಲು ಬೆರೆತಾಗ ನಮಗೆಲ್ಲ ಗೊತ್ತಿದ್ದ ಆ ಬಣ್ಣ ಬಂತು. ಸುದ್ದಿ ಸಂಪಾದಕರು ಒಂದು ಗುಟುಕು ಕುಡಿದು, "ಚಿಕೋರಿ ಇಲ್ಲದ ಕಾಫಿ ಅಂದ್ರೆ ಇದು! ಆಫೀಸು ಅಂದ್ರೆ ಆ ಅಂಗಡಿಯವನಿಗೂ ಸಸಾರ. ಇನ್ಮೇಲೆ ಮನೆಯವರೇ ನಿಂತು ಬೀಸಿಸಿ ಕಳಿಸ್ತಾರೆ" ಎಂದರು. ನಾನು ಅವರಿಗೆ ಒಪ್ಪಿಸಿದ ವರದಿ ಒಂದೇ ವಾಕ್ಯದ್ದು: ಅಮ್ಮ ಪುಡಿ ತೆಗೆದಿಲ್ಲ, ನಾನು ಕಣ್ಣಾರೆ ನೋಡಿದ್ದೇನೆ.

ಅವರು ಬೀಗದ ಕೈಯನ್ನು ಅಮ್ಮನ ಮುಂದೆ ಹಿಡಿದರು. ಅಮ್ಮ ಕೂಡಲೇ ಮುಟ್ಟಲಿಲ್ಲ.

"ತಗೋತೀನಿ ಸಾರ್. ಆದ್ರೆ ದಿನಾ ಡಿಕಾಕ್ಷನ್ ಹಾಕೋವಾಗ ನಿಮ್ಮಲ್ಲಿ ಯಾರಾದ್ರೂ ಒಬ್ರು ಬಂದು ನಿಂತ್ಕೋಬೇಕು."

"ಬಿಡಿ ಅಮ್ಮಾ, ಈಗ ಅದೆಲ್ಲ ಯಾಕೆ?"

"ನಿಮ್ಮನ್ನ ನಂಬೋಕಾಗಲ್ಲ ಸಾರ್."

ನಾನು ಆ ಕಚೇರಿ ಬಿಡುವವರೆಗೂ ಅಮ್ಮ ಆ ಷರತ್ತು ಸಡಿಲಿಸಲಿಲ್ಲ. ಪ್ರತಿದಿನ ಬೆಳಿಗ್ಗೆ ನಮ್ಮಲ್ಲೊಬ್ಬರು ಬರೆಯುತ್ತಿದ್ದುದನ್ನು ಬಿಟ್ಟು ಹೋಗಿ, ಅಮ್ಮ ಫಿಲ್ಟರ್ ತುಂಬಿ ಮುಚ್ಚುವವರೆಗೆ ಬಾಗಿಲಲ್ಲಿ ನಿಂತಿರುತ್ತಿದ್ದರು.